ಅರ್ಧ ಹಣವಿದ್ದವರಿಗೆ ಉದ್ಯಾನ

ಅಮೆರಿಕದ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಕೌಂಟಿಯು ಸಾರ್ವಜನಿಕ ಉದ್ಯಾನಕ್ಕೆ ನೆಲ ಕೊಳ್ಳಲು, ಅದನ್ನು ಸಜ್ಜುಗೊಳಿಸಲು ಅಲ್ಲಿನ ಕೇಂದ್ರ ಸರ್ಕಾರವು 1964ರ ಕಾಯಿದೆಯಂತೆ ಸ್ಥಾಪಿಸಿದ ಭೂ-ಜಲ ಸಂರಕ್ಷಣಾ ನಿಧಿಯಿಂದ ರಾಜ್ಯಗಳ ಮೂಲಕ ಸಹಾಯಧನ ದೊರೆಯುತ್ತದೆ. ನಿಧಿಯ ಹಣ ಬಹುಮಟ್ಟಿಗೆ ಕಡಲಾಳದ ತೈಲ ತೆಗೆಯುವ ಕಂಪೆನಿಗಳು ಕೊಡುವ ರಾಜಧನ. ಪ್ರಜೆಗಳ ಸೊತ್ತನ್ನು ಬಗೆದವರು ಪ್ರಜೆಗಳಿಗೆ ಒಂದಿಷ್ಟು ಹಿಂದಿರುಗಿಸಲಿ ಎಂಬ ನೀತಿ. ಬಂಡವಾಳಶಾಹಿ ದೇಶದಲ್ಲಿ ಇಷ್ಟಾದರೂ ಇದೆಯೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಈ ಹಣ ತಾಗಿದ ನೆಲವನ್ನು ಬೇರೆ ಕೆಲಸಕ್ಕೆ ತಿರುಗಿಸಿದರೆ, ಅಷ್ಟೇ ಬೆಲೆಯ, ಅಷ್ಟೇ ಉಪಯೋಗದ ನೆಲವನ್ನು ಬದಲಿಗೆ ಕೊಡಲೇಬೇಕೆಂಬ ಕಟ್ಟೂ ಇದೆ. ಇದು ಬಹಳ ಒಳ್ಳೆಯ ಕಟ್ಟು.

ಆದರೆ ವರ್ಷಕ್ಕೆ 90 ಕೋಟಿ ಡಾಲರೆಂದು ಗೊತ್ತುಮಾಡಿದ್ದರಲ್ಲಿ ದೊಡ್ಡ ಪಾಲನ್ನು ಅಲ್ಲಿನ ಸಂಸತ್ತು ದಶಕಗಳ ಕಾಲ ಬೇರೆಡೆಗೆ ಹರಿಸಿತು. 2020ರ ಕಾಯಿದೆಯಿಂದಲೇ ಪೂರ್ತಿ ಮೊತ್ತ ಖಾಯಮಾದದ್ದು.

ಅಷ್ಟಾದರೂ ಸಾಮಾನ್ಯವಾಗಿ ಕೌಂಟಿಗೆ ಸಿಗುವುದು ಹೆಚ್ಚೆಂದರೆ ಅರ್ಧ ಖರ್ಚು. ಉಳಿದರ್ಧವನ್ನು ತಾನೇ ಹೊಂದಿಸಬೇಕು. ಸರ್ಕಾರದ ಪಾಲನ್ನೂ ಮೊದಲು ಕೈಯಿಂದ ಹಾಕಿ, ಆಮೇಲೆ ಪಡೆಯಬೇಕು. ಉದ್ರಿ ವ್ಯಾಪಾರದಲ್ಲಿ ನವೆದ ನಮ್ಮ ಅಂಗಡಿಕಾರ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆರಿಗೆ ಹುಟ್ಟುವ ಕೌಂಟಿ ಎರಡನೆಯ ಉದ್ಯಾನಕ್ಕೆ ಕೈಚಾಚಬಹುದು. ಗಿರಣಿ ಮುಚ್ಚಿದ ಕೌಂಟಿ ಅರ್ಜಿ ಬರೆಯುವ ಗುಮಾಸ್ತನ ಸಂಬಳವನ್ನು ಎಲ್ಲಿಂದ ತಂದೀತು? ದುಡಿದು ಬಂದವನ ಮಕ್ಕಳಿಗೆ ಆಡಲು ಜಾಗ ಬೇಕಿರುವುದು ಎರಡನೆಯ ಕಡೆಯಲ್ಲೇ. ಬಡ ಕೌಂಟಿಗೆ ಮುಕ್ಕಾಲು ಪಾಲು, ಅದನ್ನೂ ಮುಂಗಡವಾಗಿ ಕೊಡಬೇಕೆಂಬುದು ನಮ್ಮ ಮತ.