ಪಂಚಾಯಿತಿಯ ಲೆಕ್ಕ ಬಯಲಿಗಿರಲಿ, ನಮ್ಮ ಖಾತೆ ನಂಬರ್ ಒಳಗಿರಲಿ

ಗ್ರಾಮ ಪಂಚಾಯಿತಿ ಕಚೇರಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಅರ್ಜಿ ತುಂಬಿಕೊಡುವುದು, ಪಾಸ್‌ಪೋರ್ಟ್ ಸೈಜಿನ ಫೋಟೊ, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ಎಲ್ಲವೂ ಇದೆ. ಕಚೇರಿಯ ಒಳಗೆ ಹೋಗುವ ಕಾಗದಗಳಲ್ಲಿ ಬಹುಪಾಲು ನನ್ನ ಮೆಶಿನ್ ದಾಟಿಕೊಂಡೇ ಹೋಗುತ್ತವೆ. ಯಾರಿಗೆ ಯಾವ ಬ್ಯಾಂಕಿನಲ್ಲಿ ಖಾತೆ, ಯಾರ ಮಗಳಿಗೆ ಅಂಗವಿಕಲ ಪಿಂಚಣಿ, ಯಾರು ಗಂಡನಿಂದ ಬೇರೆಯಾಗಿ ರೇಷನ್ ಕಾರ್ಡ್ ಮಾಡಿಸುತ್ತಿದ್ದಾರೆ ಎಂಬುದು ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟೇ: ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಮುಚ್ಚಿಡಬೇಕಾದದ್ದು ಬಯಲಿಗೆ ಬಿದ್ದಿದೆ, ಬಯಲಿಗೆ ಇಡಬೇಕಾದದ್ದು ಬೀರುವಿನೊಳಗೆ ಕೂತಿದೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರದ ಮಾತು. ಪಂಚಾಯಿತಿಯ ನೋಟಿಸ್ ಬೋರ್ಡಿಗೆ ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಅಂಟಿಸಿದರು. ಹೆಸರು, ಗಂಡ ಅಥವಾ ತಂದೆಯ ಹೆಸರು, ಜಾತಿ, ಮೊಬೈಲ್ ನಂಬರ್, ಆಧಾರ್‌ನ ಹನ್ನೆರಡೂ ಅಂಕಿ, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಕೋಡ್. ತಾಲ್ಲೂಕು ಪಂಚಾಯಿತಿಗೆ ಕಳಿಸಿದ ಎಕ್ಸೆಲ್ ಶೀಟನ್ನೇ ಹಾಗೇ ಪ್ರಿಂಟ್ ತೆಗೆದು ಅಂಟಿಸಿದ್ದರು. ಹುಡುಗರು ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಂಡರು. ಸಂಜೆಯೊಳಗೆ ಅದು ಊರಿನ ವಾಟ್ಸ್ಆ್ಯಪ್ ಗ್ರೂಪುಗಳಿಗೆಲ್ಲ ಹೋಗಿತ್ತು.

ಅದೇ ದಿನ ಮಧ್ಯಾಹ್ನ ನಮ್ಮೂರಿನ ನಿವೃತ್ತ ಮೇಷ್ಟ್ರು ಒಂದು ಕಾಗದ ಹಿಡಿದು ಅಂಗಡಿಗೆ ಬಂದರು. ತಮ್ಮ ಬೀದಿಯ ಚರಂಡಿ ಕಾಮಗಾರಿಯ ಅಂದಾಜುಪಟ್ಟಿ, ಬಿಲ್ಲು ಮತ್ತು ಅಳತೆ ಪುಸ್ತಕದ ನಕಲು ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದ್ದರು. ಗುತ್ತಿಗೆದಾರರ ವೈಯಕ್ತಿಕ ಮಾಹಿತಿಯಾದ್ದರಿಂದ ಒದಗಿಸಲು ಅವಕಾಶವಿಲ್ಲ ಎಂದು ಉತ್ತರ ಬಂದಿತ್ತು. ಮೇಲ್ಮನವಿಗೆ ಎರಡು ಪ್ರತಿ ಬೇಕಾಗಿತ್ತು ಅವರಿಗೆ. ಒಂದೇ ಕಚೇರಿ, ಒಂದೇ ದಿನ. ಕೂಲಿ ಮಾಡುವ ವಿಧವೆಯ ಖಾತೆ ನಂಬರ್ ಊರಿಗೆಲ್ಲ ಗೊತ್ತಾಗಬಹುದು. ಜನರ ದುಡ್ಡಿನಲ್ಲಿ ಕಟ್ಟಿದ ಚರಂಡಿಯ ಉದ್ದ ಎಷ್ಟು ಎಂಬುದು ಮಾತ್ರ ಗುಟ್ಟು.

ಪಟ್ಟಿ ಅಂಟಿಸಿದ ಹುಡುಗ ಟೀ ಕುಡಿಯಲು ಬಂದಾಗ ಕೇಳಿದೆ, "ಆಧಾರ್ ನಂಬರೆಲ್ಲ ಯಾಕಪ್ಪಾ ಹಾಕಿದೀರಾ?"

"ಪಾರದರ್ಶಕತೆ ಅಕ್ಕಾ. ಪಟ್ಟಿ ಬೋರ್ಡಿಗೆ ಹಾಕ್ಲೇಬೇಕು ಅಂತಿದೆ."

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯಬೇಕಾದದ್ದು, ಹೆಸರು ಎಲ್ಲರೆದುರು ಓದಬೇಕಾದದ್ದು. "ಇವರಿಗೆ ಆಗಲೇ ಆರ್‌ಸಿಸಿ ಮನೆ ಇದೆಯಲ್ಲ ಸ್ವಾಮಿ" ಎಂದು ಯಾರಾದರೂ ಎದ್ದು ಹೇಳಲು ಸಾಧ್ಯವಾಗುವುದು ಹೆಸರು ಗೊತ್ತಾದಾಗಲೇ. ನರೇಗಾ ಕೆಲಸದಲ್ಲಿ ಊರಲ್ಲೇ ಇಲ್ಲದವರ ಹೆಸರಿಗೆ ಕೂಲಿ ಎತ್ತಿದ್ದನ್ನು ಸಾಮಾಜಿಕ ಲೆಕ್ಕ ಪರಿಶೋಧನೆಯಲ್ಲಿ ಹಿಡಿಯುವುದೂ ಹೆಸರು, ಹಾಜರಿ ದಿನ, ಕೂಲಿ ಮೊತ್ತ ಬಹಿರಂಗವಾಗಿ ಇರುವುದರಿಂದಲೇ. ಹೆಸರನ್ನೂ ಮುಚ್ಚಿಡಿ ಎನ್ನುವವಳು ನಾನಲ್ಲ. ಆದರೆ ಖಾತೆ ನಂಬರ್ ನೋಡಿ ಯಾರೂ ಯಾವ ಅಕ್ರಮವನ್ನೂ ಕಂಡುಹಿಡಿಯಲಾರರು. ಅದರಿಂದ ಅನುಕೂಲವಾಗುವುದು ಕಳ್ಳನಿಗೆ ಮಾತ್ರ.

ಕಾನೂನೂ ಇದನ್ನೇ ಹೇಳುತ್ತದೆ. 2016ರ ಆಧಾರ್ ಕಾಯ್ದೆಯ 29ನೇ ಕಲಮಿನ ಪ್ರಕಾರ ಯಾರ ಆಧಾರ್ ಸಂಖ್ಯೆಯನ್ನೂ ಹೀಗೆ ಸಾರ್ವಜನಿಕವಾಗಿ ಪ್ರದರ್ಶಿಸುವಂತಿಲ್ಲ. ಹಾಗಿದ್ದೂ 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆ ನಾಲ್ಕೇ ನಾಲ್ಕು ಸರ್ಕಾರಿ ಪೋರ್ಟಲ್‌ಗಳನ್ನು ನೋಡಿ, ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಅಲ್ಲಿಂದ ಬಯಲಾಗಿರಬಹುದು ಎಂದು ವರದಿ ಕೊಟ್ಟಿತು. ಆ ನಾಲ್ಕರಲ್ಲಿ ನರೇಗಾ ಮತ್ತು ಸಾಮಾಜಿಕ ಪಿಂಚಣಿಯ ಪೋರ್ಟಲ್‌ಗಳೂ ಇದ್ದವು. ಅಂದರೆ ಕೂಲಿಯವರು, ಮುದುಕರು, ವಿಧವೆಯರು.

"ಬಡವರ ಖಾತೆಯಲ್ಲಿ ಏನಿರುತ್ತೆ ಕದಿಯೋಕೆ" ಎಂದು ಕೇಳುವವರಿದ್ದಾರೆ. ಪಿಂಚಣಿ ಇರುತ್ತದೆ, ಗೃಹಲಕ್ಷ್ಮಿಯ ಎರಡು ಸಾವಿರ ಇರುತ್ತದೆ. ಪಟ್ಟಿ ಹಾಕಿದ ಕೆಲವು ದಿನಕ್ಕೆ ಒಬ್ಬ ಅಜ್ಜಿಗೆ ಫೋನ್ ಬಂತು, ಮನೆ ಸ್ಯಾಂಕ್ಷನ್ ಆಗಿದೆ, ಮೊಬೈಲಿಗೆ ಬಂದ ನಂಬರ್ ಹೇಳಿ ಎಂದು. ಅಜ್ಜಿ ಫೋನ್ ತಂದು ನನ್ನ ಕೈಗೆ ಕೊಟ್ಟಿದ್ದರಿಂದ ಉಳಿಯಿತು. ಪಟ್ಟಿಯಿಂದಲೇ ನಂಬರ್ ಹೋಯಿತೆಂದು ನಾನು ಆಣೆ ಮಾಡಲಾರೆ. ಆದರೆ ಆ ಕಡೆಯವನಿಗೆ ಯೋಜನೆಯ ಹೆಸರೂ ಗೊತ್ತಿತ್ತು, ತೀರಿಹೋದ ಗಂಡನ ಹೆಸರೂ ಗೊತ್ತಿತ್ತು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಅವರಿಗೆ ಗೊತ್ತಿಲ್ಲದೆ ಹಣ ಹೋದ ದೂರುಗಳು ಒಂದರ ಹಿಂದೊಂದು ಬಂದವು. ಒಟಿಪಿಯೂ ಬೇಕಾಗಿರಲಿಲ್ಲ, ಆಧಾರ್ ಸಂಖ್ಯೆ ಮತ್ತು ನೋಂದಣಿ ಪತ್ರದಲ್ಲಿದ್ದ ಬೆರಳಚ್ಚಿನ ನಕಲು ಸಾಕಾಗಿತ್ತು. ಆಮೇಲೆ ನೋಂದಣಿ ಇಲಾಖೆಯವರು ಬೆರಳಚ್ಚು ಕಾಣದಂತೆ ಮಾಡಲು ಹೊರಟರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಬೋರ್ಡಿನ ಪಟ್ಟಿ ಕಣ್ಣಿಗೆ ಕಾಣುವ ರೋಗ. ಕಾಣದ್ದು ಒಳಗಿನ ಕಡತಗಳದ್ದು. ನಲ್ಲಿ ಸಂಪರ್ಕಕ್ಕೆ ಆಧಾರ್ ನಕಲು, ಅದೇ ಮನೆಯ ಖಾತೆ ಬದಲಾವಣೆಗೆ ಮತ್ತೆ ಆಧಾರ್ ನಕಲು, ಜಾಬ್ ಕಾರ್ಡಿಗೆ ಇನ್ನೊಂದು, ದನದ ಕೊಟ್ಟಿಗೆಗೆ ಮತ್ತೊಂದು. ಪ್ರತಿ ಸಲ "ಎರಡು ಸೆಟ್ ತಗೊಂಬಾ". ನನಗೆ ವ್ಯಾಪಾರ, ನಿಜ. ಆದರೆ ಒಂದೇ ಕಚೇರಿ ಒಬ್ಬನೇ ಮನುಷ್ಯನ ಒಂದೇ ಕಾರ್ಡಿನ ನಕಲನ್ನು ಎಷ್ಟು ಸಲ ಇಟ್ಟುಕೊಳ್ಳಬೇಕು? ಅರ್ಜಿ ಇತ್ಯರ್ಥವಾದ ಮೇಲೆ ಅವು ಮೂಟೆ ಕಟ್ಟಿಸಿಕೊಂಡು ಮೆಟ್ಟಿಲ ಕೆಳಗೆ ಸೇರುತ್ತವೆ. ಮೂಟೆ ಜಾಸ್ತಿಯಾದಾಗ ಗುಜರಿಗೆ. ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ಆದಾಯ ಪ್ರಮಾಣಪತ್ರ ಓದಿದವರು ಈ ರಾಜ್ಯದಲ್ಲಿ ನಾನೊಬ್ಬಳೇ ಅಲ್ಲ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಎಲ್ಲೆಂದರಲ್ಲಿ ಆಧಾರ್ ಜೆರಾಕ್ಸ್ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಎರಡೇ ದಿನಕ್ಕೆ, ಜನ ತಪ್ಪಾಗಿ ತಿಳಿಯಬಹುದೆಂದು ಕೇಂದ್ರ ಅದನ್ನು ವಾಪಸ್ ಪಡೆಯಿತು. ಈಗಲೂ ಗೊತ್ತಿರುವವರು ಕೇಳಿದರೆ ನಾನು ಮಾಸ್ಕ್ಡ್ ಪ್ರತಿಯನ್ನೇ ತೆಗೆದುಕೊಡುತ್ತೇನೆ. ಹತ್ತು ನಿಮಿಷದಲ್ಲಿ ಅವರು ರಸ್ತೆ ದಾಟಿ ಮರಳಿ ಬರುತ್ತಾರೆ: "ಅಕ್ಕಾ, ನಂಬರ್ ಪೂರ್ತಿ ಕಾಣ್ತಿಲ್ವಂತೆ, ಬೇರೆ ತೆಗೆದುಕೊಡಿ."

ಇದು ಹಳ್ಳಿಯ ಅಜ್ಞಾನ ಎಂದು ನಗರದವರು ತಿಳಿಯಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಜಿಲ್ಲಾವಾರು ಪ್ರಕಟಿಸಿತು. ರೋಗವಿಲ್ಲದವರೂ ನೆರೆಹೊರೆಯ ಕಣ್ಣಿಗೆ ಅಪರಾಧಿಗಳಾದರು. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಹಗರಣ ಹೊರಬಂತು. ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದ ಖಾಸಗಿ ಸಂಸ್ಥೆಯವರು ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ತೊಟ್ಟು ಮನೆಮನೆಗೆ ಹೋಗಿ ವಿವರ ಕಲೆಹಾಕಿದ್ದರು. ಪುಕ್ಕಟೆ ಸೇವೆ ಎಂದು ಬಂದವರಿಗೆ ಪಾಲಿಕೆ ಬಾಗಿಲು ತೆರೆದಿತ್ತು. ಪುಕ್ಕಟೆ ಯಾಕೆ ಎಂದು ಕೇಳಬೇಕಾದವರು ಕೇಳಿರಲಿಲ್ಲ.

ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮವರೊಬ್ಬರ ಹೆಸರಿನ ಮೊಕದ್ದಮೆಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆ ಅರ್ಜಿ ಹಾಕಿದಾಗ ಎಂಬತ್ತು ದಾಟಿದ್ದರು. ಆ ತೀರ್ಪು ಬಂದು ಆರು ವರ್ಷ ಕಳೆದ ಮೇಲೆ, 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಸಬ್ಸಿಡಿ, ಸವಲತ್ತು, ಪ್ರಮಾಣಪತ್ರ ಕೊಡುವ ಸರ್ಕಾರಿ ಸಂಸ್ಥೆಗಳು ಅಗತ್ಯವಿದ್ದಷ್ಟೇ ಮಾಹಿತಿ ಪಡೆಯಬೇಕು, ಅಗತ್ಯವಿರುವಷ್ಟು ಕಾಲ ಮಾತ್ರ ಇಟ್ಟುಕೊಳ್ಳಬೇಕು, ಸೋರದಂತೆ ಕಾಯಬೇಕು, ಪ್ರಶ್ನೆ ಬಂದರೆ ಉತ್ತರಿಸುವವರು ಯಾರೆಂದು ತಿಳಿಸಬೇಕು ಎಂದು ಅವುಗಳಲ್ಲಿ ಬರೆದಿದೆ. ಕೇಳಲು ಎಷ್ಟು ಚೆನ್ನಾಗಿದೆ!

ಆದರೆ ಎರಡು ತೊಡಕುಗಳಿವೆ. ಒಂದು, ಕಾಯ್ದೆ ಅನ್ವಯಿಸುವುದು ಕಂಪ್ಯೂಟರಿನಲ್ಲಿರುವ ಅಥವಾ ಆಮೇಲೆ ಕಂಪ್ಯೂಟರಿಗೆ ಏರಿಸಿದ ಮಾಹಿತಿಗೆ ಮಾತ್ರ. ಕಾಗದದಲ್ಲೇ ಉಳಿದ ಮೆಟ್ಟಿಲ ಕೆಳಗಿನ ಮೂಟೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ನಮ್ಮ ಮಾಹಿತಿ ಕಾಯುವ ಮುಖ್ಯ ಕಲಮುಗಳು ಜಾರಿಯಾಗಲು ಹದಿನೆಂಟು ತಿಂಗಳು ಗಡುವು ಕೊಟ್ಟಿದ್ದಾರೆ. ಮಾಹಿತಿ ಹಕ್ಕು ಕಾಯ್ದೆಗೆ ಮಾಡಿದ ತಿದ್ದುಪಡಿ ಮಾತ್ರ ಕೂಡಲೇ ಜಾರಿಗೆ ಬಂದಿದೆ. ಮೊದಲು ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಬೇಕಾದರೆ, ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧವಿಲ್ಲ, ಅಥವಾ ಕೊಟ್ಟರೆ ಅನಗತ್ಯವಾಗಿ ಖಾಸಗಿತನಕ್ಕೆ ಕೈಹಾಕಿದಂತಾಗುತ್ತದೆ ಎಂದು ಅಧಿಕಾರಿ ತೋರಿಸಬೇಕಿತ್ತು. ಶಾಸನಸಭೆಗೆ ಕೊಡಲೇಬೇಕಾದ ಮಾಹಿತಿಯನ್ನು ಸಾಮಾನ್ಯ ಪ್ರಜೆಗೂ ಕೊಡಲೇಬೇಕು ಎಂಬ ಮಾತಿತ್ತು. ಅದೆಲ್ಲ ಹೋಗಿ ಈಗ "ವೈಯಕ್ತಿಕ ಮಾಹಿತಿ" ಎಂಬ ಎರಡೇ ಪದ ಉಳಿದಿವೆ. ಕಾಯುವ ಕೆಲಸಕ್ಕೆ ಹದಿನೆಂಟು ತಿಂಗಳು, ಮುಚ್ಚುವ ಕೆಲಸಕ್ಕೆ ಒಂದು ದಿನವೂ ಇಲ್ಲ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುವ ಅದೇ ಕಾಯ್ದೆಯ 8(2)ನೇ ಕಲಮು ಇನ್ನೂ ಉಳಿದಿದೆ. ಮೇಷ್ಟ್ರು ಮೇಲ್ಮನವಿಯಲ್ಲಿ ಅದನ್ನೇ ಹಿಡಿದಿದ್ದಾರೆ.

ಪಂಚಾಯಿತಿಯ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅಲ್ಲಿರುವ ಡೇಟಾ ಎಂಟ್ರಿ ಆಪರೇಟರ್ ಒಬ್ಬನೇ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಲಾಗಿನ್ನಿನಲ್ಲೂ ಅವನೇ ಕೆಲಸ ಮಾಡುತ್ತಾನೆ, ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿದೆ. ಮೇಲಿನವರು ಪಟ್ಟಿಯನ್ನು ಸಂಜೆಯೊಳಗೆ ವಾಟ್ಸ್ಆ್ಯಪ್‌ಗೆ ಹಾಕು ಎಂದರೆ ಹಾಕುತ್ತಾನೆ. ಯಾವ ಕಾಲಂ ಅಳಿಸಬೇಕು ಎಂದು ಯಾರೂ ಅವನಿಗೆ ಬರೆದು ಕೊಟ್ಟಿಲ್ಲ. ರಾಜ್ಯದಲ್ಲಿ 5,900ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. ಬರೆದು ಕೊಡಲು ಬೇಕಾಗಿರುವುದು ಒಂದು ಪುಟದ ಸುತ್ತೋಲೆ.

ಅದರಲ್ಲಿ ಇಷ್ಟಿದ್ದರೆ ಸಾಕು. ಬೋರ್ಡಿಗೆ, ಗ್ರೂಪಿಗೆ ಹೋಗುವ ಪಟ್ಟಿಯಲ್ಲಿ ಹೆಸರು, ಊರು, ಯೋಜನೆ, ಮೊತ್ತ ಇರಲಿ. ಆಧಾರ್, ಮೊಬೈಲ್, ಖಾತೆ ನಂಬರ್ ಬೇಡ. ಮೂಲ ದಾಖಲೆ ನೋಡಿ, ಪರಿಶೀಲಿಸಲಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ ವಾಪಸ್ ಕೊಡಲಿ. ನಕಲು ಬೇಕೇಬೇಕಾದಲ್ಲಿ ಮಾಸ್ಕ್ಡ್ ಪ್ರತಿ ಸ್ವೀಕರಿಸಲಿ. ಹಳೆಯ ಅರ್ಜಿಗಳು ಗುಜರಿಗೆ ಹೋಗದೆ ಕಚೇರಿಯಲ್ಲೇ ಚೂರಾಗಲಿ, ಯಾವಾಗ ಚೂರಾದವು ಎಂದು ಬರೆದಿಡಲಿ. ಲಾಗಿನ್ ಯಾರದೋ ಅವರೇ ಬಳಸಲಿ. ಕಾಮಗಾರಿಯ ಅಂದಾಜುಪಟ್ಟಿ, ಬಿಲ್ಲು, ಅಳತೆ ಪುಸ್ತಕ ಯಾರೂ ಅರ್ಜಿ ಹಾಕದಿದ್ದರೂ ಬೋರ್ಡಿನಲ್ಲಿರಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುವ ಸ್ವಯಂಪ್ರೇರಿತ ಬಹಿರಂಗದ ಅರ್ಥವೇ ಇದು.

ಸುತ್ತೋಲೆ ಬರುವವರೆಗೂ ಕಾಯಬೇಕಾಗಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಬಜೆಟ್, ಬೀದಿದೀಪ, ಬೋರ್‌ವೆಲ್ ಮುಗಿದ ಮೇಲೆ ಯಾರಾದರೂ ಒಬ್ಬರು ಎದ್ದು ನಿಂತು, ನಮ್ಮ ಖಾತೆ ನಂಬರ್ ಬೋರ್ಡಿನಿಂದ ತೆಗೆಯಿರಿ, ಚರಂಡಿಯ ಬಿಲ್ಲನ್ನು ಅದೇ ಜಾಗಕ್ಕೆ ಅಂಟಿಸಿ ಎಂದು ಕೇಳಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರೆಸಲಿ. ಆ ನಡಾವಳಿಯ ದೃಢೀಕೃತ ಪ್ರತಿ ಮರೆಯದೆ ಕೇಳಿ ಪಡೆಯಿರಿ. ಅದರ ಜೆರಾಕ್ಸ್ ಮಾತ್ರ ಎಷ್ಟು ಸೆಟ್ ಆದರೂ ತೆಗೆಯಬಹುದು, ಊರಿಗೆಲ್ಲ ಹಂಚಬಹುದು.