ಪೂರ್ವಜರ ಊರಿಗೆ ದಾರಿ ತೋರಿಸುವವರು ಯಾರು?

2024ರ ನವೆಂಬರ್ ಮೊದಲ ವಾರ ಪಶ್ಚಿಮ ಗೋದಾವರಿ ಜಿಲ್ಲೆಯ ವಡ್ಲೂರಿನಲ್ಲಿ ಅಮೆರಿಕದ ಚುನಾವಣೆಯದೇ ಮಾತು. ತಣುಕು ಪಟ್ಟಣದ ಪಕ್ಕದ ಈ ಊರಿನ ಚಿಲುಕೂರಿ ಮನೆತನದ ಕುಡಿ ಉಷಾ ಅವರ ಪತಿ ಜೆ.ಡಿ. ವ್ಯಾನ್ಸ್ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ದೇವಸ್ಥಾನದಲ್ಲಿ ಪೂಜೆಯಾಯಿತು, ಫಲಿತಾಂಶ ಬಂದಾಗ ಊರು ಹಿಗ್ಗಿತು, ಕ್ಯಾಮೆರಾಗಳು ಬಂದವು. ದಂಪತಿಯನ್ನು ಆಂಧ್ರಕ್ಕೆ ಕರೆಯುವುದಾಗಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೇಳಿದರು. ಅಷ್ಟರಲ್ಲಿ ವಿಜಯವಾಡ ಕಡೆಯ, ಕೃಷ್ಣಾ ಜಿಲ್ಲೆಯ ಸಾಯಿಪುರಂ ಕೂಡ ಅದೇ ಮನೆತನದ ಮೂಲವೆಂದು ಸುದ್ದಿಗೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಉಷಾ ಅವರು ಆವರೆಗೆ ವಡ್ಲೂರಿನ ಮುಖವನ್ನೇ ನೋಡಿರಲಿಲ್ಲ.

2025ರ ಏಪ್ರಿಲ್‌ನಲ್ಲಿ ವ್ಯಾನ್ಸ್ ಕುಟುಂಬ ಭಾರತಕ್ಕೆ ಬಂತು. ದೆಹಲಿ, ಜೈಪುರ, ಆಗ್ರಾ ನೋಡಿಕೊಂಡು ಹಿಂತಿರುಗಿತು. ಗೋದಾವರಿ ತೀರ ಆ ಪಟ್ಟಿಯಲ್ಲಿ ಇರಲಿಲ್ಲ.

ಇದಕ್ಕೆ ಬೇಸರಿಸಬೇಕಾದ್ದೇನೂ ಇಲ್ಲ. ನಿಜ ಹೇಳಬೇಕೆಂದರೆ, ಮನೆತನದ ಕಥೆ ಕೇಳಲು ಉಷಾ ಬಂದಿದ್ದರೂ ಮೊದಲು ಹೋಗಬೇಕಾಗಿದ್ದದ್ದು ವಿಶಾಖಪಟ್ಟಣಕ್ಕೆ. ಅವರ ತಾತನ ತಮ್ಮನ ಮಡದಿ, ಭೌತಶಾಸ್ತ್ರದ ಪ್ರಾಧ್ಯಾಪಕಿ ಚಿಲುಕೂರಿ ಶಾಂತಮ್ಮ ಇರುವುದು ಅಲ್ಲಿ. 1929ರಲ್ಲಿ ಹುಟ್ಟಿ, 1956ರಲ್ಲಿ ಆಂಧ್ರ ವಿಶ್ವವಿದ್ಯಾಲಯ ಸೇರಿದ ಈ ಹಿರಿಯರು ತೊಂಬತ್ತು ದಾಟಿದ ಮೇಲೂ ವಿಜಯನಗರದ ಸೆಂಚೂರಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಮಾಡುತ್ತಿದ್ದವರು. ತೆಲುಗು ನಾಡಿನಲ್ಲಾಗಲಿ ನಮ್ಮಲ್ಲಾಗಲಿ ಓದಿದ ಕುಟುಂಬಗಳದು ಇದೇ ಪಾಡು. ಊರಿನಲ್ಲಿ ಉಳಿದಿರುವುದು ದೇವಸ್ಥಾನ, ಮಾರಿದ ಹೊಲ, ಬೇರೆಯವರು ಮನೆ ಕಟ್ಟಿಕೊಂಡ ನಿವೇಶನ. ಯಾರು ಯಾರಿಗೆ ಏನಾಗಬೇಕು ಎಂದು ಬಿಡಿಸಿ ಹೇಳಬಲ್ಲವರು ಎಂದೋ ಪಟ್ಟಣ ಸೇರಿದ್ದಾರೆ.

ಹಾಗಾಗಿ ಪೂರ್ವಜರ ಊರಿಗೆ ಮೊದಲ ಸಲ ಹೊರಟವರು ಎಡವುವುದು ಬಸ್ಸು ಹತ್ತುವುದಕ್ಕೂ ಮೊದಲೇ: ಯಾವುದು ಆ ಊರು?

ತೆಲುಗರ ಮನೆಹೆಸರಿನಲ್ಲಿ ಎಷ್ಟೋ ಸಲ ಊರೇ ಕುಳಿತಿರುತ್ತದೆ. ಆದರೆ ಅದು ಅಜ್ಜನ ಊರಾಗಿರಬೇಕೆಂದಿಲ್ಲ, ಅಜ್ಜನ ಅಜ್ಜನೂ ಕಾಣದ ಊರಾಗಿರಬಹುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, 1931ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಕುಲಪತಿಯಾದ ರಾಧಾಕೃಷ್ಣನ್ ಹುಟ್ಟಿದ್ದು ತಿರುತ್ತಣಿಯಲ್ಲಿ. ಹೆಸರಿನ ಮುಂದಿನ ಸರ್ವೇಪಲ್ಲಿ ಇರುವುದು ನೆಲ್ಲೂರು ಕಡೆ. ಕನ್ನಡಿಗರು ಮುದ್ದೇನಹಳ್ಳಿಯ ಮಗನೆಂದೇ ನೆನೆಯುವ ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಕೂಡ ಆಂಧ್ರದ ಗಿದ್ದಲೂರು ಸೀಮೆಯ ಹಳ್ಳಿ. ಇಂಥ ದೊಡ್ಡವರ ಊರನ್ನು ಹುಡುಕಿಕೊಡಲು ನೂರು ಜನ ಮುಂದೆ ಬರುತ್ತಾರೆ.

ಕೂಲಿಗೆಂದು ಹಡಗು ಹತ್ತಿದವರ ಮಕ್ಕಳಿಗೆ ಯಾರು ಬರುತ್ತಾರೆ? 1834ರಿಂದ ಆರಂಭವಾದ ಗಿರಮಿಟ್ (ಕರಾರು ಕೂಲಿ) ವಲಸೆಯಲ್ಲಿ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಮಾರಿಷಸ್‌ಗೇ ಹೋದರು. ದಕ್ಷಿಣ ಆಫ್ರಿಕಾದ ನಟಾಲ್‌ಗೆ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅಂದಿನ ವಿಜಗಪಟಂ (ವಿಶಾಖಪಟ್ಟಣ) ಜಿಲ್ಲೆಯ ತೆಲುಗರು ಈ ಎರಡೂ ಕಡೆ ಇದ್ದರು. ಮಾರಿಷಸ್‌ನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆ ವಲಸೆಯ ಕಡತಗಳನ್ನು ಜೋಪಾನ ಮಾಡಿ, ವಂಶಸ್ಥರು ಕೇಳಿದರೆ ದಾಖಲೆ ತೆಗೆದುಕೊಡುತ್ತದೆ. ವಲಸೆ ಪಾಸಿನಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಮಚ್ಚೆ, ಜಿಲ್ಲೆ, ತಾಲ್ಲೂಕು, ಹಳ್ಳಿ ಎಲ್ಲಕ್ಕೂ ಒಂದೊಂದು ಸಾಲು. ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಗೀಚಿದ್ದಾನೆ, ಅಷ್ಟೆ.

ಆ ಕಾಗದ ಹಿಡಿದು ವಿಶಾಖಪಟ್ಟಣದಲ್ಲಿ ಇಳಿದವರ ಪಾಡು ನೋಡಿ. ಕಾಗದದ ‘ವಿಜಗಪಟಂ ಜಿಲ್ಲೆ’ ಈಗ ಎಲ್ಲಿದೆ? ಒಂದಷ್ಟು ಭಾಗ ಒಡಿಶಾದ ಕೋರಾಪುಟ್ ಕಡೆ ಹೋಯಿತು. 1950ರಲ್ಲಿ ಶ್ರೀಕಾಕುಳಂ, 1979ರಲ್ಲಿ ವಿಜಯನಗರ ಬೇರೆ ಜಿಲ್ಲೆಗಳಾದವು. 2022ರ ಏಪ್ರಿಲ್‌ನಲ್ಲಿ ರಾಜ್ಯದ 13 ಜಿಲ್ಲೆಗಳನ್ನು 26 ಮಾಡಿದಾಗ ಅನಕಾಪಲ್ಲಿ, ಅಲ್ಲೂರಿ ಸೀತಾರಾಮರಾಜು, ಪಾರ್ವತೀಪುರಂ ಮನ್ಯಂ ಹುಟ್ಟಿಕೊಂಡವು. ಬೆಜವಾಡ ಎಂದು ಬರೆದಿದ್ದರೆ ಅದು ಇಂದಿನ ವಿಜಯವಾಡ, ಅದೂ ಈಗ ಎನ್‌ಟಿಆರ್ ಜಿಲ್ಲೆಯ ಕೇಂದ್ರ. ಕಂದಾಯ ಕಚೇರಿಯಲ್ಲಿ ಹಳೆಯ ಅಡಂಗಲ್, ಅಂದರೆ ನಮ್ಮ ಪಹಣಿ, ತೆಗೆಸಿದರೂ ಕೆಲಸವಾಗುವುದು ಕಷ್ಟ. ವಿಜಗಪಟಂ ಸೀಮೆಯಲ್ಲಿ ಜಮೀನ್ದಾರಿಯೇ ಹೆಚ್ಚು, 1948ರ ಎಸ್ಟೇಟ್ ರದ್ದತಿ ಕಾಯ್ದೆ ಬರುವವರೆಗೆ ರೈತರ ಲೆಕ್ಕ ಜಮೀನ್ದಾರರ ಠಾಣೆಯದು. ಹಡಗು ಹತ್ತಿದವರಲ್ಲಿ ಬಹಳಷ್ಟು ಜನರಿಗೆ ಗೇಣು ಭೂಮಿಯೂ ಇರಲಿಲ್ಲ, ಮತ್ತೆ ಪಹಣಿಯಲ್ಲಿ ಹೆಸರು ಎಲ್ಲಿಂದ ಬರಬೇಕು?

ದಾಖಲೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಟ್ರಿನಿಡಾಡ್‌ನ ಪ್ರಧಾನಿ ಕಮಲಾ ಪರ್ಸಾದ್ ಬಿಸ್ಸೇಸರ್ ಅವರ ಉದಾಹರಣೆ ಇದೆ. 1889ರಲ್ಲಿ ಹಡಗು ಹತ್ತಿದ ಮುತ್ತಜ್ಜ ರಾಮ್ ಲಖನ್ ಮಿಶ್ರಾ ಅವರ ಊರು ಬಿಹಾರದ ಬಕ್ಸರ್ ಜಿಲ್ಲೆಯ ಭೇಲೂಪುರ ಎಂದು ಗೊತ್ತಾಗಿ, 2012ರ ಜನವರಿಯಲ್ಲಿ ಅವರು ಅಲ್ಲಿಗೆ ಹೋದರು. ಪ್ರಧಾನಿಗಾಗಿ ಅಷ್ಟು ಮಾಡಿದ್ದು ಸರಿ. ಅದೇ ಹಡಗುಗಳಲ್ಲಿ ಹೋದ ಉಳಿದವರ ಮರಿಮಕ್ಕಳಲ್ಲಿ ನರ್ಸ್, ಮೇಷ್ಟರು, ಡ್ರೈವರ್ ಇದ್ದಾರೆ. ಅವರು ಬಂದರೆ ಕಾರಿನ ಬಾಗಿಲು ತೆಗೆಯಲು ಜಿಲ್ಲಾಧಿಕಾರಿ ಬರುವುದಿಲ್ಲ.

ಕನ್ನಡ ಓದುಗರಿಗೆ ಈ ಹುಡುಕಾಟ ಹೊಸದಲ್ಲ. ಮುಂಬಯಿಯಲ್ಲಿ ಮೂರು ತಲೆಮಾರು ಕಳೆದ ಕರಾವಳಿಯ ಕುಟುಂಬಗಳು ಜ್ಯೋತಿಷಿಯ ಮಾತು ಕೇಳಿ ಮೂಲ ನಾಗಬನ ಹುಡುಕಿಕೊಂಡು ಉಡುಪಿ, ಕಾರ್ಕಳದ ಹಳ್ಳಿಗಳಿಗೆ ಬರುತ್ತವೆ. ‘ನೀವು ಯಾರ ಪೈಕಿ?’ ಎಂದು ಊರಿನ ಹಿರಿಯರು ಕೇಳುತ್ತಾರೆ. ಕುಟುಂಬದ ಹೆಸರು, ಬರಿ (ತುಳುವರ ವಂಶ), ಹಿರಿಯರ ಮನೆ ಹೇಳುತ್ತಿದ್ದಂತೆ ದಾರಿ ತೆರೆದುಕೊಳ್ಳುತ್ತದೆ. ನಂಬಿಕೆ ಇರಲಿ ಬಿಡಲಿ, ಯಾವುದೇ ಸರ್ಕಾರಿ ಯೋಜನೆಗಿಂತ ನಾಗನೇ ಹೆಚ್ಚು ಜನರನ್ನು ಮೂಲದೂರಿಗೆ ಕರೆತಂದಿದ್ದಾನೆ ಎನ್ನುವುದು ಈ ಲೇಖಕನ ಅಂದಾಜು. ಕೇಂದ್ರ ಸರ್ಕಾರ 2008ರಲ್ಲಿ ಬೇರು ಹುಡುಕುವ ಯೋಜನೆ ತಂದಿತ್ತು, ಅದಕ್ಕೆ ಶುಲ್ಕವೂ ಇತ್ತು. ಅತ್ತ ಐರ್ಲೆಂಡ್ 1901 ಮತ್ತು 1911ರ ಜನಗಣತಿಯ ಮನೆಮನೆಯ ಹಾಳೆಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡುವಂತೆ ಇಂಟರ್‌ನೆಟ್ಟಿಗೆ ಹಾಕಿದೆ. ನಮ್ಮ ಗಣತಿಯ ವೈಯಕ್ತಿಕ ವಿವರ ಯಾರೂ ನೋಡುವಂತಿಲ್ಲವೆಂದು 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ.

ಕಾಯ್ದೆ ಮುಟ್ಟದೆಯೂ ಮಾಡಬಹುದಾದ ಕೆಲಸ ಒಂದಿದೆ. ಹಳೆಯ ವಿಜಗಪಟಂ, ಗೋದಾವರಿ, ಕೃಷ್ಣಾ ಜಿಲ್ಲೆಗಳ ಹಳ್ಳಿಗಳನ್ನು ಬ್ರಿಟಿಷರ ಕಾಲದ ಕಾಗುಣಿತದೊಂದಿಗೆ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಇಂದಿನ ಮಂಡಲ, ಜಿಲ್ಲೆ ಬರೆದು ಪ್ರಕಟಿಸಬೇಕು. ಕಂದಾಯ ಇಲಾಖೆಯ ನಾಲ್ಕಾರು ಗುಮಾಸ್ತರು ಮತ್ತು ಆಂಧ್ರ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಕೂತರೆ ಆಗದ ಕೆಲಸವೇನಲ್ಲ. ಮೈಸೂರು, ಬಳ್ಳಾರಿ, ದಕ್ಷಿಣ ಕನ್ನಡದ ಹಳ್ಳಿಗಳಿಗೂ ಇಂಥದ್ದೇ ಪಟ್ಟಿ ಬೇಕು, ಅದನ್ನು ಕರ್ನಾಟಕ ಸರ್ಕಾರ ಮಾಡಲಿ. ಉಷಾ ವ್ಯಾನ್ಸ್‌ಗೆ ಕೊಟ್ಟ ಆಹ್ವಾನ ಹಾಗೇ ಇರಲಿ, ನಾಯ್ಡು ಅವರು ಈ ಪಟ್ಟಿಗೊಂದು ಆದೇಶವನ್ನೂ ಹೊರಡಿಸಲಿ.