ನೀರಿನ ಬೇರಿಗೆ ಹೊರಿಸಿದ ಅಪವಾದ

"ನೀರಾಗ ಬಿಟ್ಟ ಬೇರು ಮಣ್ಣಾಗ ನಿಲ್ಲಂಗಿಲ್ರೀ." ಸವಣೂರಿನಲ್ಲೂ ಕೇಳಿದ್ದೇನೆ, ಹಿರೇಕೆರೂರಿನಲ್ಲೂ ಕೇಳಿದ್ದೇನೆ. ಹೇಳುವವರು ಮಣ್ಣಿನಲ್ಲಿ ಕೈಯಾಡಿಸಿದವರು. ಅದಕ್ಕೇ ಈ ಮಾತಿಗೆ ಉತ್ತರ ಕೊಡಬೇಕೆನಿಸಿತು.

ಅರ್ಧ ಮಾತು ನಿಜ. ನೀರಿನಲ್ಲಿ ಮೂಡಿದ ಬೇರು ಬೆಳ್ಳಗಿರುತ್ತದೆ, ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಮಣ್ಣಿನ ಕಣಗಳ ನಡುವಿನ ತೇವ ಹೀರುವ ಸೂಕ್ಷ್ಮ ರೋಮಗಳು ಅದಕ್ಕೆ ಕಡಿಮೆ. ಆದರೆ ಗಿಡ ಸಾಯುವುದು ನಮ್ಮ ಅವಸರದಿಂದ, ಇಲ್ಲವೇ ಆಲಸ್ಯದಿಂದ. ಹೋದ ಬೇಸಿಗೆಯಲ್ಲಿ ಒಂದೇ ದೊಡ್ಡಪತ್ರೆಯಿಂದ ಎರಡು ಕಡ್ಡಿ ಚಿವುಟಿ ಎರಡು ಬಾಟಲಿಗೆ ಇಟ್ಟೆ. ನಾಲ್ಕೈದು ದಿನಕ್ಕೆ ಗಿಣ್ಣಿನ ಸುತ್ತ ರವೆಯಷ್ಟು ಬಿಳಿ ಗುಳ್ಳೆ ಎದ್ದವು. ಅವು ಒಡೆದು ನೂಲಿನಂಥ ಬೇರು ಇಳಿಯಿತು. ಒಂದನ್ನು ಬೇರು ಅಂಗುಲ ದಾಟುತ್ತಲೇ ಕುಂಡಕ್ಕೆ ಹಾಕಿ, ಹತ್ತು ದಿನ ನೆರಳಲ್ಲಿಟ್ಟು, ಮಣ್ಣು ಆರದಂತೆ ನೋಡಿಕೊಂಡೆ. ಅದು ಈಗ ಕುಂಡ ತುಂಬಿದೆ. ಇನ್ನೊಂದನ್ನು ತಿಂಗಳುಗಟ್ಟಲೆ ಮರೆತೆ. ಬೇರು ಸಿಕ್ಕುಗಟ್ಟಿತ್ತು, ನೆಡುವಾಗ ಅರ್ಧ ಮುರಿಯಿತು, ನೇರ ಬಿಸಿಲಿಗಿಟ್ಟೆ, ಮೂರೇ ದಿನಕ್ಕೆ ಬಾಡಿತು. ನೀರು ಎರಡಕ್ಕೂ ಒಂದೇ ಇತ್ತು.

ಎರಡನೆಯ ದೂರು ಸೊಳ್ಳೆಯದು. ಇದನ್ನು ನಾನು ತಳ್ಳಿಹಾಕಲಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಒಳಗೆ, ಸುತ್ತಮುತ್ತ ನಿಂತ ತಿಳಿನೀರಿನ ಅಂಚಿನಲ್ಲೇ, ಪಾತ್ರೆಯ ಒಳಗೋಡೆಗೆ. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಬೇಕು. ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಗೋಡೆ ತಿಕ್ಕಿ ತೊಳೆದು, ಬಾಯಿಗೆ ಅರಳೆ ತುರುಕಿದರೆ ಅದಕ್ಕೆ ಆ ವಾರ ಸಿಗುವುದಿಲ್ಲ. ಬೇರಿಗೂ ಇದರಿಂದ ಲಾಭ: ಹಳೆ ನೀರಿನಲ್ಲಿ ಉಸಿರು ಕಡಿಮೆ, ಹೊಸದರಲ್ಲಿ ಹೆಚ್ಚು. ನೀರು ಬದಲಿಸಲು ಆಗದವರು ಬಾಟಲಿ ಇಡಲೇಬಾರದು.

ನಳದ ನೀರಿನ ಬ್ಲೀಚಿಂಗ್ ಪುಡಿಯ ವಾಸನೆಗೆ ಹೆದರುವವರು ನೀರನ್ನು ಒಂದು ರಾತ್ರಿ ತೆರೆದಿಟ್ಟರೆ ಸಾಕು.

"ತಾಯಿಬೇರು ಇಲ್ಲದ ಗಿಡ ಗಿಡವೇನು?" ಎನ್ನುವವರನ್ನು ಸವಣೂರಿನ ಎಲೆತೋಟಕ್ಕೆ ಕರೆದೊಯ್ಯಬೇಕು. ಊರಿಗೆ ಹೆಸರು ತಂದ ವೀಳ್ಯದೆಲೆಯ ತೋಟವನ್ನು ಬೀಜ ಬಿತ್ತಿ ಎಬ್ಬಿಸುವುದಿಲ್ಲ. ಮೂರ್ನಾಲ್ಕು ಗಿಣ್ಣಿನ ಬಳ್ಳಿ ತುಂಡು ಊರಿಯೇ ಮುಂದಿನ ತೋಟ. ಕಬ್ಬು, ಮಲ್ಲಿಗೆ, ದ್ರಾಕ್ಷಿಯ ಕಥೆಯೂ ಇದೇ. ಕುಡಿಯಲ್ಲಿ ಹುಟ್ಟಿದ ಆಕ್ಸಿನ್ ಎಂಬ ಚೋದಕ ಕೆಳಗಿಳಿದು ಕತ್ತರಿಸಿದ ತುದಿಯ ಬಳಿ ಕೂಡಿಕೊಳ್ಳುತ್ತದೆ, ಕಾಂಡ ಬೇರೊಡೆಯುತ್ತದೆ. ಮಣ್ಣಿನಲ್ಲಿ ನಡೆಯುವುದೂ ಅದೇ, ನೀರಿನಲ್ಲಿ ನಡೆಯುವುದೂ ಅದೇ. ನೀರಿನಲ್ಲಾದರೆ ಕಣ್ಣಿಗೆ ಕಾಣುತ್ತದೆ. ಮಣ್ಣಿನಲ್ಲಿ ಊರಿದ ಕಡ್ಡಿಯನ್ನು ಮಕ್ಕಳು ದಿನಾ ಕಿತ್ತು ನೋಡಿ ಕೊಲ್ಲುತ್ತಾರೆ.

ಎಲ್ಲ ಗಿಡವೂ ಬಾಟಲಿಗೆ ಒಗ್ಗುತ್ತದೆಂದು ನಾನು ಎಲ್ಲೂ ಹೇಳಿಲ್ಲ. ಹಾನಗಲ್ಲಿನ ಮಾವಿಗೆ ಕಸಿಯೇ ಬೇಕು. ಗುಲಾಬಿ, ಕಾಗದದ ಹೂವಿನಂಥ ಗಟ್ಟಿ ಕಡ್ಡಿಗೆ ಮರಳು ಬೆರೆಸಿದ ಮಣ್ಣೇ ಲೇಸು. ಮನಿಪ್ಲಾಂಟ್, ಪುದೀನ, ದೊಡ್ಡಪತ್ರೆ, ಹೂ ಬಿಡದ ತುಳಸಿಯ ಎಳೆಕುಡಿ ನನ್ನ ಪಟ್ಟಿಯಲ್ಲಿವೆ. ಗಿಣ್ಣಿನ ಕೆಳಗೆ ಕತ್ತರಿಸಿ, ನೀರಿಗೆ ಮುಳುಗುವ ಎಲೆಗಳನ್ನು ತೆಗೆದುಬಿಡಿ. ಇಲ್ಲದಿದ್ದರೆ ಅವು ಕೊಳೆತು ಕಡ್ಡಿಯನ್ನೂ ಕೊಳೆಸುತ್ತವೆ.

ಕೊನೆಯ ಆಕ್ಷೇಪ: ನರ್ಸರಿಯಲ್ಲಿ ಅಗ್ಗಕ್ಕೆ ಸಸಿ ಸಿಗುವಾಗ ಈ ಗೋಜೇಕೆ? ನನ್ನ ಕಿಟಕಿಯ ತುಳಸಿ ಶಿಗ್ಗಾಂವಿಯ ಅಕ್ಕನ ಮನೆಯ ಕಟ್ಟೆಯದು. ಬಸ್ಸು ಹತ್ತುವಾಗ ಅಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟು, "ಮನಿ ಮುಟ್ಟಿದ ಕೂಡ್ಲೆ ನೀರಾಗ ಇಡವಾ" ಅಂದಿದ್ದಳು. ಒಂಬತ್ತನೆಯ ದಿನ ಬೇರು ಬಿಟ್ಟಿತು.